ಬೆಟ್ಟದ ಬದಲಾವಣೆಯೂ ಬಯಕೆಯ ಪರಿಮಾಣವೂ

ಉಪವಾಸವು ಕಲಿಸುವ ಮೊದಲ ಪಾಠ ಹಸಿವಿಗೂ ಆಸೆಗೂ ಇರುವ ಅಂತರ. ಒಂದು ಹೊತ್ತಿನ ಅನ್ನವನ್ನು ಬಿಟ್ಟವನಿಗೆ ಶರೀರಕ್ಕೆ ಬೇಕಾದುದೆಷ್ಟು, ನಾಲಗೆ ಬೇಡುವುದೆಷ್ಟು ಎಂಬುದು ಸ್ಪಷ್ಟವಾಗುತ್ತದೆ. ವ್ಯಕ್ತಿಗೆ ಸಾಧ್ಯವಾದ ಈ ವಿವೇಕವು ಒಂದು ನಾಡಿಗೂ ಸಾಧ್ಯವೇ? ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳು ಇಂದು ಈ ಪ್ರಶ್ನೆಯನ್ನು ಮುಂದಿಡುತ್ತಿವೆ.

ಈ ಬೆಟ್ಟಗಳು ಎರಡು ದಿಕ್ಕಿಗೂ ನೀರು ಕೊಡುವಂಥವು. ಹೇಮಾವತಿಯು ಸಕಲೇಶಪುರವನ್ನು ಹಾದು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಎತ್ತಿನಹೊಳೆಯು ಪಶ್ಚಿಮಕ್ಕಿಳಿದು ಕುಮಾರಧಾರೆಯ ಮೂಲಕ ನೇತ್ರಾವತಿಯಲ್ಲಿ ಬೆರೆಯುತ್ತದೆ. ಕಣಿವೆಯ ಕಾಡು ಮಳೆಯನ್ನು ಹೀರಿ ಸ್ವಲ್ಪಸ್ವಲ್ಪವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲಿಯೂ ಹಳ್ಳಗಳು ಜೀವ ಹಿಡಿದಿರುತ್ತವೆ. ಇಂಥ ನೆಲದಲ್ಲಿ ಕಾಫಿ ಬಂದಿತು. ಎಷ್ಟೋ ತೋಟಗಳಲ್ಲಿ ಕಾಡುಮರದ ನೆರಳು ಹೋಗಿ ಸಿಲ್ವರ್ ಓಕ್ ನಿಂತಿತು. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣವಾಗಿ ಊರುಗಳು ಮುಳುಗಿದುವು. ಶಿರಾಡಿ ಘಾಟಿಯಲ್ಲಿ ಹೆದ್ದಾರಿಗಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯಲಾಯಿತು. ಒಂದೊಂದಕ್ಕೂ ಒಂದೊಂದು ನ್ಯಾಯವಾದ ಕಾರಣವಿತ್ತು. ಎಲ್ಲವೂ ಕೂಡಿದಾಗ ಬೆಟ್ಟದ ರೂಪವೇ ಬದಲಾಯಿತು.

ಆಕಾಶವೂ ಮೊದಲಿನಂತಿಲ್ಲ. ಬೆಚ್ಚಗಾದ ಗಾಳಿ ಹೆಚ್ಚು ತೇವವನ್ನು ಹೊರುತ್ತದೆ. ಹೊತ್ತದ್ದನ್ನು ಕೆಲವೇ ಗಂಟೆಗಳಲ್ಲಿ ಸುರಿದುಬಿಡುತ್ತದೆ. ಅಂಥ ಮಳೆಯನ್ನು ಕಡಿದ ಇಳಿಜಾರು ತಡೆಯಲಾರದು. 2018ರ ಆಗಸ್ಟಿನಲ್ಲಿ ಘಾಟಿಯ ರಸ್ತೆಯೂ ರೈಲುಮಾರ್ಗವೂ ಕುಸಿತದಿಂದ ಮುಚ್ಚಿದುವು. 2024ರ ಜುಲೈ 26ರಂದು ಎಡಕುಮರಿ, ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಮತ್ತೆ ಜಾರಿತು. ಕಾಡು ತುಂಡುತುಂಡಾದಾಗ ಆನೆಗಳು ತೋಟಗಳಲ್ಲಿ ನೆಲೆಸಿದುವು. 2014ರಲ್ಲಿ ಆಲೂರು ಸೀಮೆಯಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ಮುಗಿಯಲಿಲ್ಲ. ಮನುಷ್ಯರೂ ಸಾಯುತ್ತಿದ್ದಾರೆ, ಆನೆಗಳೂ ಸಾಯುತ್ತಿವೆ.

ನಿರರ್ಥಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವನ್ನು ಶ್ರಾವಕಾಚಾರವು ಅನರ್ಥದಂಡವೆಂದು ಎಣಿಸಿದೆ. ಹಾಗಾದರೆ ಎತ್ತಿನಹೊಳೆ ಯೋಜನೆಯನ್ನು ಏನೆಂದು ಎಣಿಸಬೇಕು? 2024ರ ಸೆಪ್ಟೆಂಬರಿನಲ್ಲಿ ಇದರ ಮೊದಲ ಹಂತ ಉದ್ಘಾಟನೆಯಾಯಿತು. ಸುಮಾರು 24 ಟಿಎಂಸಿ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರದ ಸೀಮೆಗಳಿಗೆ ಒಯ್ಯುವುದು ಇದರ ಉದ್ದೇಶ. ಆ ಸೀಮೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬೆರೆತ ನೀರಿದೆ. ಅಲ್ಲಿಯ ಬಾಯಾರಿಕೆ ನಿಜವಾದುದು. ಇದನ್ನು ನಿರರ್ಥಕವೆನ್ನುವುದು ನಿರ್ದಯೆಯಾದೀತು.

ಆದರೆ ಆ ಬಾಯಾರಿಕೆ ಹುಟ್ಟಿದ ಬಗೆಯನ್ನೂ ವಿಚಾರಿಸಬೇಕು. ಹಿರಿಯರು ಕಟ್ಟಿದ ಸಾವಿರಾರು ಕೆರೆಗಳಲ್ಲಿ ಹೂಳು ತುಂಬಿತು, ಅಂಗಳಗಳು ಒತ್ತುವರಿಯಾದುವು, ನೆಲದಾಳದ ನೀರನ್ನು ಎಣಿಕೆಯಿಲ್ಲದೆ ಎತ್ತಲಾಯಿತು. ಕೆರೆಯನ್ನು ಕೆಡಿಸಿಕೊಂಡ ನಾಡು ಪರರ ಹೊಳೆಯನ್ನು ಬೇಡುವ ಮೊದಲು ಆ ಕೆರೆಯ ಹೂಳೆತ್ತುವುದು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು.

ಕೊಡ ಹೊತ್ತು ನಡೆಯುವ ಬಡ ಹೆಂಗಸು ಕೆರೆಯನ್ನು ಕೆಡಿಸಿದವಳಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಹಸಿದವನಿಗೆ ಉಪವಾಸವನ್ನು ವಿಧಿಸುವುದು ಧರ್ಮವಲ್ಲ; ಉಪವಾಸವು ಉಣ್ಣಲು ಉಳ್ಳವನ ವ್ರತ. ಆದುದರಿಂದ ಪರಿಮಾಣದ ಭಾರ ಬೀಳಬೇಕಾದುದು ಹುಲ್ಲುಹಾಸಿಗೆ ಸಿಹಿನೀರು ಸುರಿಯುವ ಮನೆಯ ಮೇಲೆ, ಬೆಟ್ಟದ ನೆತ್ತಿಯನ್ನು ತರಿದು ವಿಹಾರಧಾಮ ಕಟ್ಟುವವರ ಮೇಲೆ, ಎರಡು ಗಳಿಗೆ ಬೇಗ ತಲಪಲು ಗುಡ್ಡ ಕಡಿಸುವ ಆತುರದ ಮೇಲೆ. ಪರಿಮಾಣವ್ರತವನ್ನು ಕೈಯಲ್ಲಿ ಸಾಕಷ್ಟಿರುವಾಗಲೇ ಸ್ವೀಕರಿಸಬೇಕು. ಎಲ್ಲವೂ ತೀರಿದ ಮೇಲೆ ಬಿಡುವುದು ಬರಿಯ ಅಭಾವ. ಅದನ್ನು ಯಾರೂ ತ್ಯಾಗವೆನ್ನಲಾರರು. ಈ ಬೆಟ್ಟಗಳಲ್ಲಿ ಇನ್ನೂ ಕಾಡಿದೆ, ಹಳ್ಳಗಳಲ್ಲಿ ಇನ್ನೂ ನೀರಿದೆ. ವ್ರತಕ್ಕೆ ಕಾಲ ಮೀರಿಲ್ಲ.