ನಿರಪೇಕ್ಷ: ಕಥೆಯೊಳಗಿನ ಸಾವಿಗೆ ತೂಕ ಬರುವುದು ಹೇಗೆ

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಅಗಲಿಕೆಯ ಶೃಂಗಾರದಲ್ಲೂ ಕಣ್ಣೀರಿದೆ, ಕರುಣರಸದಲ್ಲೂ ಕಣ್ಣೀರಿದೆ; ಚಿಂತೆ, ಸೊರಗು, ನಿಟ್ಟುಸಿರು ಎರಡಕ್ಕೂ ಸಮಾನ. ಹಾಗಾದರೆ ಇವು ಬೇರೆಯಾಗುವುದು ಎಲ್ಲಿ? ಭರತನ ಉತ್ತರ ಚಿಕ್ಕದು: ಅಗಲಿಕೆ ಸಾಪೇಕ್ಷ, ಕರುಣ ನಿರಪೇಕ್ಷ. ಹೋದವರು ಮತ್ತೆ ಸಿಕ್ಕಾರು ಎಂಬ ಆಸೆ ಒಂದೆಳೆಯಷ್ಟು ಉಳಿದಿದ್ದರೂ ಅದು ವಿರಹ. ಆ ಎಳೆ ಕಡಿದಾಗ ಮಾತ್ರ ಶೋಕ. ಸತ್ತವರು ಪದೇ ಪದೇ ಎದ್ದು ಬರುವ ಇಂದಿನ ಧಾರಾವಾಹಿ, ಕಾಮಿಕ್ಸ್, ಸೂಪರ್‌ಹೀರೋ ಸಿನಿಮಾಗಳ ಮುಂದೆ ನೋಡುಗರ ಮನಸ್ಸು ಏಕೆ ತಣ್ಣಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ.

1992ರ ನವೆಂಬರ್‌ನಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ ಸೂಪರ್‌ಮ್ಯಾನ್‌ನನ್ನು ಸಾಯಿಸಿತು. ಆ 75ನೆಯ ಸಂಚಿಕೆಯ ವಿಶೇಷ ಪ್ರತಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಒಳಗೆ, ತೋಳಿಗೆ ಕಟ್ಟಿಕೊಳ್ಳಲೆಂದು ಸೂತಕದ ಕಪ್ಪು ಪಟ್ಟಿ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಮರುವರ್ಷವೇ ಆತ ಮರಳಿದ. ಇಲ್ಲಿ ಹಾಳಾದದ್ದು ಆ ಒಂದು ಕಥೆ ಮಾತ್ರವಲ್ಲ. ಇಂಥದ್ದನ್ನು ನಾಲ್ಕು ಸಲ ಕಂಡ ಓದುಗ ಐದನೆಯ ಸಾವಿನ ಹೊತ್ತಿಗೆ ‘ಬರ್ತಾನೆ ಬಿಡು’ ಎಂದು ಪುಟ ತಿರುವುತ್ತಾನೆ. ಅದನ್ನು ಕಲ್ಲುಮನಸ್ಸು ಎನ್ನಬಾರದು. ಕಥೆಗಾರನೇ ಕಲಿಸಿದ ಪಾಠವದು. ಅವನಿಗೆ ದಕ್ಕುವುದು ಕರುಣವಂತೂ ಅಲ್ಲ, ವಿರಹವೂ ಅಲ್ಲ. ಏಕೆಂದರೆ ವಿರಹಕ್ಕೆ ಆಸೆಯಷ್ಟೇ ಅಳುಕೂ ಬೇಕು. ಬಂದೇ ಬರುತ್ತಾನೆ ಎಂದು ಗೊತ್ತಿದ್ದವರು ಕಾಯುವುದು ಬಸ್ಸಿಗೆ ಕಾದ ಹಾಗೆ. ಇನ್ನೂ ದೊಡ್ಡ ನಷ್ಟ ಹಿಮ್ಮುಖವಾಗಿ ಆಗುತ್ತದೆ. ಪ್ರಾಣ ಕೊಟ್ಟು ಊರನ್ನು ಉಳಿಸಿದ ವೀರನ ಪ್ರಾಣ ವಾಪಸ್ಸು ಬರುವುದೇ ಆದರೆ ಅವನು ಕೊಟ್ಟದ್ದಾದರೂ ಏನು? ಸಾವು ಹಗುರಾದ ಕಥೆಯಲ್ಲಿ ಧೈರ್ಯ, ತ್ಯಾಗಗಳೂ ಹಗುರಾಗುತ್ತವೆ.

ಹಾಗೆಂದು ಮರಳಿಕೆಯೇ ತಪ್ಪೆ? ಸತ್ತವರು ಎದ್ದು ಬರುವ ಕಥೆಗಳನ್ನು ನಮ್ಮ ಪರಂಪರೆ ಧಾರಾಳವಾಗಿ ಹೇಳಿದೆಯಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಬಾಣನ ಕಾದಂಬರಿಯನ್ನು ನೋಡಬಹುದು. ನಾಗವರ್ಮ ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಅಚ್ಛೋದ ಸರೋವರದ ದಡದಲ್ಲಿ ಪುಂಡರೀಕ ಸತ್ತು ಬಿದ್ದಿದ್ದಾನೆ, ಅವನ ಪ್ರಿಯೆ ಮಹಾಶ್ವೇತೆ ತಾನೂ ಸಾಯಲು ಸಿದ್ಧಳಾಗಿದ್ದಾಳೆ. ಆಗ ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನೊಬ್ಬ ಹೆಣವನ್ನೆತ್ತಿಕೊಂಡು, ನಿಮಗೆ ಮತ್ತೆ ಸಮಾಗಮವಿದೆ, ಪ್ರಾಣ ಬಿಡಬೇಡ ಎಂದು ಹೇಳಿ ಮೇಲೇರುತ್ತಾನೆ. ಸಾಹಿತ್ಯದರ್ಪಣದ ವಿಶ್ವನಾಥ ಈ ಪ್ರಸಂಗವನ್ನೇ ಎತ್ತಿಕೊಂಡು, ಆ ಮಾತು ಕೇಳುವವರೆಗೆ ಇದು ಕರುಣ, ಕೇಳಿದ ಮೇಲೆ ಶೃಂಗಾರ ಎಂಬ ಬಲ್ಲವರ ಅಭಿಪ್ರಾಯವನ್ನು ದಾಖಲಿಸುತ್ತಾನೆ. ಎಷ್ಟು ನಿಖರವಾದ ಓದು! ಒಂದು ಭರವಸೆ ಬಿದ್ದೊಡನೆ ರಸವೇ ಬದಲಾಯಿತು. ಆದರೆ ಈ ಕಥೆ ಮರಳಿಕೆಯನ್ನು ಅಗ್ಗಕ್ಕೆ ಕೊಡುವುದಿಲ್ಲ. ಮಹಾಶ್ವೇತೆ ಕಾಡಿನಲ್ಲಿ ತಪಸ್ಸಿಗೆ ಕೂರಬೇಕು. ಬೇರೊಂದು ಜನ್ಮದಲ್ಲಿ ಎದುರಿಗೆ ಬಂದ ಪುಂಡರೀಕನನ್ನು ಗುರುತಿಸದೆ ತಾನೇ ಶಪಿಸಬೇಕು. ಅವನು ಗಿಳಿಯಾಗಿ ಹುಟ್ಟಬೇಕು. ಮಹಾಭಾರತದ ಆದಿಪರ್ವದ ರುರುವೂ ಅಷ್ಟೆ: ಹಾವು ಕಚ್ಚಿ ಸತ್ತ ತನ್ನ ಪ್ರಿಯೆ ಪ್ರಮದ್ವರೆಯನ್ನು ಬದುಕಿಸಿಕೊಳ್ಳಲು ತನ್ನ ಅರ್ಧ ಆಯುಸ್ಸನ್ನು ಕೊಟ್ಟ. ಸತ್ತವರು ಬಂದರು, ಹೋದ ಆಯುಸ್ಸು ಬರಲಿಲ್ಲ. ಪರಿಣಾಮ ಅಳಿಸಿಹೋಗದೆ ಬೇರೊಬ್ಬರ ಹೆಗಲಿಗೆ ದಾಟಿತು.

ಇನ್ನೊಂದು ಆಕ್ಷೇಪ ರಂಗದ್ದು. ಯಕ್ಷಗಾನದಲ್ಲಿ ಇಂದು ಸತ್ತ ಅಭಿಮನ್ಯು ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ಕುಣಿಯುತ್ತಾನೆ. ಪ್ರೇಕ್ಷಕರಿಗೆ ಕೊನೆಯೂ ಗೊತ್ತು. ಆದರೂ ಕಣ್ಣು ತುಂಬುತ್ತದೆ. ನಿಜ. ಆದರೆ ಎದ್ದು ಬರುವವನು ವೇಷಧಾರಿ, ಅಭಿಮನ್ಯುವಲ್ಲ. ಚಕ್ರವ್ಯೂಹದಿಂದ ಅವನು ಒಮ್ಮೆಯೂ ಹೊರಬಂದದ್ದಿಲ್ಲ, ಬರುವುದಿಲ್ಲವೆಂದು ಗೊತ್ತಿರುವುದರಿಂದಲೇ ಅವನು ಒಳಹೊಕ್ಕುವಾಗ ಹೊಟ್ಟೆ ಹಿಂಡುತ್ತದೆ. ಮಹಾಭಾರತವೂ ಸತ್ತವರನ್ನು ಒಮ್ಮೆ ಎಬ್ಬಿಸಿದೆ. ಯುದ್ಧ ಮುಗಿದು ವರ್ಷಗಳಾದ ಮೇಲೆ, ಆಶ್ರಮವಾಸಿಕ ಪರ್ವದಲ್ಲಿ, ವ್ಯಾಸರು ಕರೆದಾಗ ಗಂಗೆಯೊಳಗಿಂದ ಕರ್ಣ, ದುರ್ಯೋಧನ, ಅಭಿಮನ್ಯು ಎಲ್ಲರೂ ಎದ್ದು ಬಂದು ತಮ್ಮವರನ್ನು ಕೂಡಿಕೊಂಡರು. ಒಂದೇ ರಾತ್ರಿ. ಆಮೇಲೆ ಎಲ್ಲರೂ ನೀರಿಗೆ ಇಳಿದರು.