ಅವ್ವನ ಗುಳಿಗೆ ಚೀಲ

 

ಅವ್ವ ತೀರಿಕೊಂಡ ಮೇಲೆ ಸಿಂಧನೂರಿನ ಮನೆಯ ಮಾಡದಲ್ಲಿ ಅವಳ ಔಷಧಿ ಚೀಲ ಸಿಕ್ಕಿತು. ಬಿಪಿ ಗುಳಿಗೆ, ಅರ್ಧ ಉಳಿದ ಟಾನಿಕ್, ಇನ್ಸುಲಿನ್ ಸೂಜಿಗಳು. ಗಂಟು ಕಟ್ಟಿ ಕಸದ ಗಾಡಿಗೆ ಕೊಟ್ಟೆ. ಬರಿಗೈಲಿ ಹಿಡಿದ ಅಕ್ಕ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. "ಸರ, ಸೂಜಿ ಅದಾವಂತ ಒಂದ್ ಮಾತು ಹೇಳಬಾರ್ದೇನ್ರಿ?" ಬೆರಳಲ್ಲಿ ರಕ್ತದ ಚುಕ್ಕೆ.

ಆಸ್ಪತ್ರೆಗೆ ಕರೆದೊಯ್ದೆ. ಅಂದು ರಕ್ತಪರೀಕ್ಷೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ. ಕೊನೆಗೆ ಏನೂ ಇಲ್ಲವೆಂದರು. ಆ ಮೂರು ತಿಂಗಳು ಅವರ ಮನೆಯಲ್ಲಿ ಹೇಗೆ ಕಳೆದವೋ! ಅವರು ನಮ್ಮ ಕೇರಿಯವರೇ. ಹೊಲಸು ಬಳಿಯುವ ಕೆಲಸ ಜಾತಿಗೆ ಅಂಟಿದ ಬಗೆಯನ್ನು ವಿಹಾರದಲ್ಲಿ ನಿಂತು ಹೇಳುವವನು ನಾನು.

ಲಿಂಗಸುಗೂರಿನ ಬೈಠಕ್‌ನಲ್ಲಿ ಇದನ್ನು ಹೇಳಿಕೊಂಡೆ. ಚೇತನೆಯೇ ಕಮ್ಮ, ನಿಮಗೆ ಚುಚ್ಚುವ ಉದ್ದೇಶ ಇರಲಿಲ್ಲವಲ್ಲ ಸರ್ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ನನಗೆ ಸಾಲಲಿಲ್ಲ. ಉದ್ದೇಶ ಇರಲಿಲ್ಲ, ನಿಜ. ಚೀಲ ಯಾರ ಕೈಗೆ ಹೋಗುತ್ತದೆಂಬ ಯೋಚನೆಯೂ ಇರಲಿಲ್ಲ. ಅದೇ ಪಮಾದ.

ಅಲ್ಲೇ ಕೇಳಿದೆ, ನೀವೇನು ಮಾಡುತ್ತೀರಿ? ಒಬ್ಬರು ಕಾಲುವೆಗೆ ಎಸೆಯುತ್ತಾರೆ. ಒಬ್ಬರು ಸುಡುತ್ತಾರೆ. ಒಬ್ಬ ತಂಗಿ ಉಳಿದ ಆಂಟಿಬಯಾಟಿಕ್ ಗುಳಿಗೆಗಳನ್ನು ಜ್ವರ ಬಂದವರಿಗೆ ಕೊಡುತ್ತಾಳೆ, ದಾನವೆಂದುಕೊಂಡು.

ವಿನಯಪಿಟಕದ ಪಿಲಿಂದವಚ್ಛ ಥೇರರ ಪ್ರಸಂಗ ನೆನಪಾಯಿತು. ಜನ ಕೊಟ್ಟ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲವನ್ನು ಅವರ ಬಳಗ ಮಡಕೆ ಮಡಕೆ ತುಂಬಿಟ್ಟಿತು. ಸೋರಿತು, ವಿಹಾರದ ತುಂಬ ಇಲಿ. ಆಗ ಬುದ್ಧರು ಈ ಔಷಧಗಳನ್ನು ಏಳು ದಿನ ಮೀರಿ ಇಡಕೂಡದೆಂದರು. ಮೀರಿದ್ದನ್ನು ಸಂಘಕ್ಕೆ ಒಪ್ಪಿಸಬೇಕು. ಮರಳಿ ಬಂದರೆ ದೀಪಕ್ಕೆ ಹಾಕಬಹುದು, ತಿನ್ನುವಂತಿಲ್ಲ. ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ನಿಯಮ! ವರ್ಷವೂ ಮಕ್ಕಳನ್ನು ಮಸ್ಕಿಯ ಅಶೋಕ ಶಾಸನಕ್ಕೆ ಕರೆದೊಯ್ದು, ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದ ಅರಸ ಎಂದು ಹೇಳುತ್ತೇನೆ (ಆ ಮಾತಿರುವುದು ಅವನ ಬೇರೆ ಶಾಸನದಲ್ಲಿ). ಮನೆಯ ಚೀಲ ಮಾತ್ರ ನೋಡಿರಲಿಲ್ಲ.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧ, ಬಳಸಿದ ಸೂಜಿಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆ ಇಡಲು ಹೇಳಿದ್ದವು. ಈಗ ಸೂಜಿ ಗಟ್ಟಿ ಡಬ್ಬಿಯಲ್ಲಿ, ಮುಚ್ಚಳಕ್ಕೆ ಟೇಪು. ಗುಳಿಗೆ ಬೇರೆ ಚೀಲದಲ್ಲಿ. ಕೊಡುವಾಗ ಅಕ್ಕನಿಗೆ ಬಾಯಿಬಿಟ್ಟು ಹೇಳುತ್ತೇನೆ. ಅವರು ತೆಗೆದುಕೊಳ್ಳುವ ಮುಂಚೆ ಇನ್ನೂ ಒಮ್ಮೆ ನನ್ನ ಮುಖ ನೋಡುತ್ತಾರೆ.