ನೆರೆಯವರ ಪ್ರಾರ್ಥನೆ ಅಪಶಕುನವೇ?

ಪ್ರಶ್ನೆ: ನಮ್ಮ ಯಜಮಾನರಿಗೆ ಮುಂದಿನ ವಾರ ಹೃದಯದ ಆಪರೇಷನ್. ಎದುರು ಫ್ಲ್ಯಾಟಿನ ಕ್ರೈಸ್ತ ಮಹಿಳೆ ಬಂದು ಅವರಿಗಾಗಿ ಪ್ರಾರ್ಥಿಸಿದರು. ಕೊನೆಗೆ "ದೇವರೇ, ನಿನಗೆ ಸರಿ ಕಂಡಂತೆ ನಡೆಸು" ಅಂದುಬಿಟ್ಟರು. ಅತ್ತೆಯವರು ಇದು ಅಪಶಕುನ, ಶಾಂತಿ ಮಾಡಿಸಲೇಬೇಕು ಅಂತಿದ್ದಾರೆ. ನನಗೂ ಮನಸ್ಸಿಗೆ ಕಸಿವಿಸಿ. ಏನು ಮಾಡಲಿ?
— ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಮೊದಲು ಭಯ ಬಿಡಿ. ಆಕೆ ಆಸೆ ಬಿಟ್ಟು ಆಡಿದ ಮಾತಲ್ಲ ಅದು. ಅವರ ಧರ್ಮದಲ್ಲಿ ಪ್ರಾರ್ಥನೆಯ ತಿರುಳೇ ಅದು.

ನಮ್ಮಲ್ಲಿ ಪೂಜೆಗೆ ಮೊದಲು ಗೋತ್ರ, ನಕ್ಷತ್ರ ಹೇಳಿ, ಇಂಥ ಫಲಕ್ಕಾಗಿ ಎಂದು ಸಂಕಲ್ಪ ಮಾಡುತ್ತೇವೆ. ಕ್ರೈಸ್ತರಿಗೆ ಪ್ರಾರ್ಥನೆ ಎಂದರೆ ಮಗು ತಂದೆಯ ಹತ್ತಿರ ಮಾತಾಡಿದ ಹಾಗೆ. ಯೇಸು ದೇವರನ್ನು 'ಅಬ್ಬಾ' ಎಂದು ಕರೆದರು. ಅರಾಮಿಕ್ ಭಾಷೆಯ ಆ ಮಾತಿಗೆ ತಂದೆ ಎಂದೇ ಅರ್ಥ. ನಮ್ಮ 'ಅಪ್ಪಾ' ಕೇಳಿದ ಹಾಗೇ ಇದೆ ನೋಡಿ. ಶಿಷ್ಯರಿಗೆ ಅವರು ಕಲಿಸಿದ ಪ್ರಾರ್ಥನೆಯೂ ತಂದೆಯನ್ನು ಕರೆದೇ ಶುರುವಾಗುತ್ತದೆ. ಅದರಲ್ಲಿ ಆ ದಿನದ ಊಟವನ್ನೂ ಕೇಳುತ್ತಾರೆ, ತಪ್ಪಿಗೆ ಕ್ಷಮೆಯನ್ನೂ ಕೇಳುತ್ತಾರೆ. ಆದರೆ ಊಟ ಕೇಳುವ ಮೊದಲೇ, ನಿನ್ನ ಸಂಕಲ್ಪ ನಡೆಯಲಿ ಎಂಬ ಬೇಡಿಕೆ ಬರುತ್ತದೆ.

ಹಾಗಾದರೆ ನಮಗೆ ಬೇಕಾದ್ದನ್ನು ಕೇಳಲೇಬಾರದೇ? ಹಾಗೇನಿಲ್ಲ. ಶಿಲುಬೆಗೆ ಏರುವ ಹಿಂದಿನ ರಾತ್ರಿ, ಜೆರುಸಲೇಮಿನ ಬಳಿಯ ಗೆತ್ಸೆಮನೆ ತೋಟದಲ್ಲಿ ಯೇಸು ಸಂಕಟಪಟ್ಟು ಪ್ರಾರ್ಥಿಸಿದರು. ಈ ನೋವು ನನ್ನಿಂದ ದೂರವಾಗಲಿ ಎಂದು ಬಾಯಿಬಿಟ್ಟು ಬೇಡಿದರು. ಆಮೇಲೆ, ನನ್ನಿಷ್ಟವಲ್ಲ, ನಿನ್ನಿಷ್ಟ ಎಂದು ತಂದೆಗೆ ಒಪ್ಪಿಸಿದರು. ನೋವೇನೂ ತಪ್ಪಲಿಲ್ಲ. ಆದರೂ ಕ್ರೈಸ್ತರು ಆ ಪ್ರಾರ್ಥನೆ ಸೋತಿತು ಅನ್ನುವುದಿಲ್ಲ. ದೇವರನ್ನು ನಮ್ಮ ಇಷ್ಟಕ್ಕೆ ಬಗ್ಗಿಸುವುದು ಪ್ರಾರ್ಥನೆಯಲ್ಲ, ಏನೇ ಬಂದರೂ ಅವನ ಕೈ ಬಿಡದಿರುವುದು ಪ್ರಾರ್ಥನೆ ಎಂಬುದು ಅವರ ನಂಬಿಕೆ.

ನಿಮ್ಮ ನೆರೆಯವರೂ ಮೊದಲು ಯಜಮಾನರು ಗುಣವಾಗಲಿ ಎಂದೇ ಕೇಳಿರುತ್ತಾರೆ. ಗಾಬರಿಯಲ್ಲಿ ನಿಮಗೆ ಕೊನೆಯ ಮಾತೊಂದೇ ಕಿವಿಗೆ ಬಿದ್ದಿದೆ. ಆಮೇಲೆ 'ಆಮೆನ್' ಅಂದಿರಬೇಕಲ್ಲ? ಅದು ಹೀಬ್ರೂ ಮಾತು, ಹಾಗೆಯೇ ಆಗಲಿ ಎಂದು ಅರ್ಥ. ನಮ್ಮಲ್ಲಿ ಹರಸುವ ಹಿರಿಯರು 'ತಥಾಸ್ತು' ಅಂತಾರೆ. ಅವರಲ್ಲಿ ಬೇಡಿದವರೂ ಜೊತೆಗಿದ್ದವರೂ 'ಆಮೆನ್' ಅಂತಾರೆ.

ಎರಡು ಧರ್ಮವೂ ಒಂದೇ ಎಂದು ನಾನು ಹೇಳುತ್ತಿಲ್ಲ. ದಾರಿ ಬೇರೆ, ನಂಬಿಕೆ ಬೇರೆ. ಆದರೆ ಪೂಜೆ ಮುಗಿಸಿ ನಾವೂ 'ಕೃಷ್ಣಾರ್ಪಣ' ಎಂದು ನೀರು ಬಿಡುತ್ತೇವಲ್ಲ, ಆಗ ಯಾರಾದರೂ ಅಪಶಕುನ ಅಂತಾರೆಯೇ? ಅತ್ತೆಯವರಿಗೆ ಇಷ್ಟನ್ನು ಮೆಲ್ಲಗೆ ತಿಳಿಸಿ ಹೇಳಿ.

ಪರಿಹಾರಕ್ಕೆಂದು ಶಾಂತಿ ಬೇಡ. ಯಜಮಾನರ ಆರೋಗ್ಯಕ್ಕೆಂದು ಮೃತ್ಯುಂಜಯ ಜಪ ಮಾಡಿಸುವುದಾದರೆ ಧಾರಾಳವಾಗಿ ಮಾಡಿಸಿ. ಡಾಕ್ಟರು ಹೇಳಿದ ಪಥ್ಯ, ಔಷಧ ಮಾತ್ರ ತಪ್ಪಬಾರದು. ಯಜಮಾನರು ಮನೆಗೆ ಬಂದ ಮೇಲೆ ಪ್ರಸಾದದ ಜೊತೆ ಹಣ್ಣು ಹಿಡಿದು ಎದುರು ಮನೆಗೂ ಹೋಗಿ ಬನ್ನಿ. ಪ್ರಸಾದ ತೆಗೆದುಕೊಳ್ಳಲು ಆಕೆ ಸಂಕೋಚಪಟ್ಟರೆ ಬೇಸರ ಬೇಡ, ಹಣ್ಣು ಕೊಟ್ಟು ಬನ್ನಿ. ನಿಮ್ಮ ಕಷ್ಟಕ್ಕೆ ತಾನಾಗಿ ಬಂದು ಕೈಮುಗಿದವರು ಅವರು.

ಶುಭವಾಗಲಿ.